ಜಗಲಿಯ ಮೇಲಿದ್ದ ಪೋಸ್ಟಾಫೀಸು

ತುರ್ತು ಪರಿಸ್ಥಿತಿ ತೆರವಾದ ಮರುವರ್ಷ ನಾನು ಬೆಂಗಳೂರಿನ ಪಶ್ಚಿಮ ಭಾಗದ ಅಂಚೆ ಇನ್‌ಸ್ಪೆಕ್ಟರ್ ಆಗಿದ್ದೆ. ಮನೆ ರಾಜಾಜಿನಗರದಲ್ಲಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ಆಗ ಬರೀ ರಾಗಿ ಹೊಲ, ಇಟ್ಟಿಗೆ ಗೂಡು. ಆ ಕಡೆಯ ಹಳ್ಳಿಗಳ ಬ್ರಾಂಚ್ ಪೋಸ್ಟಾಫೀಸುಗಳ ತಪಾಸಣೆಯೂ ನನ್ನದೇ. ಈಗ ಹೇಳಹೊರಟಿರುವುದು ಅಂಥ ಒಂದು ಹಳ್ಳಿಯ ವಿಷಯ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರ ಮೊಮ್ಮಕ್ಕಳು ಈಗ ನನ್ನ ಬೀದಿಯಲ್ಲೇ ಇದ್ದಾರೆ, ದಿನಾ ನಮಸ್ಕಾರ ಹೇಳುತ್ತಾರೆ.

ಹಳ್ಳಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್ ಇಲಾಖೆಯ ಪೂರ್ಣ ನೌಕರನಲ್ಲ. ದಿನಕ್ಕೆ ಕೆಲವೇ ಗಂಟೆಯ ಕೆಲಸ, ಕೈಗೆ ಬರುವುದು ಎಲೆಅಡಿಕೆಗೆ ಸಾಲುವಷ್ಟು. ಕಚೇರಿಗೆ ಜಾಗವನ್ನೂ ಅವನೇ ಒದಗಿಸಬೇಕೆಂದು ನಿಯಮ. ಹಾಗಾಗಿ ಊರಿನಲ್ಲಿ ಯಾರ ಮನೆ ದೊಡ್ಡದೋ ಪೋಸ್ಟಾಫೀಸು ಅವರ ಪಾಲು. ಇಲ್ಲಿ ಅದು ನಂಜೇಗೌಡರ ಮನೆಯ ಜಗಲಿ. ಕಂಬಕ್ಕೆ ಕೆಂಪು ಡಬ್ಬ, ಗೋಡೆಗೆ ಬೋರ್ಡು, ಒಳಗೆ ಒಂದು ಮೇಜು. ಗೌಡರ ಲೆಕ್ಕದಲ್ಲಿ ತಪ್ಪು ಹುಡುಕಿ ನಾನೇ ಸೋತಿದ್ದೆ. ಅಷ್ಟು ಶಿಸ್ತಿನ ಮನುಷ್ಯ.

ಆ ಬೇಸಿಗೆಯಲ್ಲಿ ಒಂದು ವಿಚಿತ್ರ ದೂರು ಬಂತು. ಆ ಊರಿನಲ್ಲಿ ಹಂಚುವ ಕಾಗದಗಳು ಒದ್ದೆಯಾಗಿ ಶಾಯಿ ಕದಡಿರುತ್ತದೆ ಎಂದು. ತಿಂಗಳುಗಟ್ಟಲೆ ಮಳೆಯ ಹನಿಯಿಲ್ಲ, ಕಾಗದ ಹೇಗೆ ನೆನೆಯಬೇಕು? ಹೇಳದೆ ಕೇಳದೆ ಒಂದು ಬೆಳಿಗ್ಗೆ ಹೋಗಿ ನಿಂತೆ. ಟಪಾಲು ತಂದು ಹಂಚುವ ಕೆಲಸಕ್ಕೆ ಆಗಷ್ಟೇ ನೇಮಕವಾಗಿದ್ದ ಮರಿಯಪ್ಪ ಸೈಕಲ್ಲಿನಲ್ಲಿ ಬಂದ. ಊರಾಚೆಯ ಕಾಲೊನಿಯವನು, ಊರಿನವರು ಮುಟ್ಟಿಸಿಕೊಳ್ಳದ ಜಾತಿಯವನು, ಅಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದ ಮೊದಲಿಗ. ಸೀಲು ಹಾಕಿದ ಚೀಲವನ್ನು ಜಗಲಿಯ ಕೆಳಗಿನ ಕಲ್ಲಿನ ಮೇಲಿಟ್ಟು ದೂರ ಸರಿದು ನಿಂತ. ನಂಜೇಗೌಡರು ಒಳಗಿಂದ ಚೊಂಬು ತಂದು ಚೀಲದ ಮೇಲೆ ಧಾರಾಳವಾಗಿ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡರು.

"ಏನ್ ಗೌಡ್ರೇ ಇದು?" ಎಂದೆ.

"ಮನೆ ಒಳಕ್ಕೆ ತಗೊಂಡೋಗ್ಬೇಕಲ್ಲ ಸ್ವಾಮಿ. ಮೈಲಿಗೆ ಅಂತ ಒಂದೈತಲ್ಲ," ಎಂದರು, ಸಂಕೋಚವೇ ಇಲ್ಲದೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಭಾರತ ಸರ್ಕಾರದ ಟಪಾಲಿಗೆ ಸ್ನಾನ ಮಾಡಿಸುವ ಕಚೇರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಲ್ಲೇ ನಿಂತು ಕೂಗಾಡಿದೆ, ನೋಟಿಸ್ ಕೊಟ್ಟೆ. ನೀರು ಚಿಮುಕಿಸುವುದು ನಿಂತಿತು. ಆದರೆ ಚೀಲವನ್ನು ಕಲ್ಲಿನ ಮೇಲಿಡುವುದು, ಮರಿಯಪ್ಪ ದೂರ ಸರಿಯುವುದು ನಿಲ್ಲಲಿಲ್ಲ.

ಅದೇ ಹೊತ್ತಿಗೆ ಮೇಲಿನಿಂದ ಒಂದು ಪ್ರಸ್ತಾಪ ಬಂತು. ಹಳ್ಳಿಯ ಕಚೇರಿಗಳನ್ನು ಪೋಸ್ಟ್‌ಮಾಸ್ಟರರ ಮನೆಯಿಂದ ತೆಗೆದು, ಎಲ್ಲರೂ ಬರಬಹುದಾದ ಬಾಡಿಗೆ ಕೊಠಡಿಗೆ ಸಾಗಿಸಬಹುದೇ? ಜನರನ್ನು ಕೇಳಿ ವರದಿ ಕೊಡಿ ಎಂದಿದ್ದರು. ಈ ಊರಿನಲ್ಲಿ ಬಸ್ ಸ್ಟಾಪಿನ ಟೀ ಅಂಗಡಿಯ ಪಕ್ಕ ಒಂದು ಖಾಲಿ ಕೊಠಡಿ ಇತ್ತು. ಅದರ ಮುಂದೆಯೇ ಸಭೆ ಕರೆದೆ. ಸಭೆಯ ಹಿಂದಿನ ದಿನ ಯಾರೋ ಮರಿಯಪ್ಪನ ಸೈಕಲ್ಲಿನ ಎರಡೂ ಟೈರು ಕೊಯ್ದು ಹಾಕಿದ್ದರು.

ಗೌಡರ ಪರವಾಗಿ ಮಾತಾಡಿದವನು ಅವರ ತಮ್ಮ ಕೆಂಪಣ್ಣ. ಇಟ್ಟಿಗೆ ಗೂಡು, ನಾಲ್ಕಾರು ಎತ್ತಿನ ಗಾಡಿ ಇಟ್ಟುಕೊಂಡು ವಿಜಯನಗರದ ಹೊಸ ಮನೆಗಳಿಗೆಲ್ಲ ಇಟ್ಟಿಗೆ ಹೊಡೆಯುತ್ತಿದ್ದ ಆಸಾಮಿ. ಗಾಡಿಯಾಳುಗಳನ್ನೂ ಜೊತೆಗೆ ಕರೆತಂದಿದ್ದ. "ನೀವು ಯಾವ ಪೈಕಿ ಸ್ವಾಮಿ?" ಎಂದು ಮೊದಲು ನನ್ನ ಜಾತಿ ಕೇಳಿದ. "ಅಂಚೆ ಪೈಕಿ" ಎಂದೆ. ಯಾರೂ ನಗಲಿಲ್ಲ.

"ನಮ್ಮಣ್ಣ ಯಾರ್ದಾದ್ರೂ ಕಾಗ್ದ ನುಂಗವ್ನಾ? ಲೆಕ್ಕ ತಪ್ಪವ್ನಾ?"

"ಇಲ್ಲ."

"ಮತ್ತೆ? ಬೋರ್ಡು ಸರ್ಕಾರದ್ದು, ಜಗಲಿ ನಮ್ದು. ಇದ್ದಂಗೇ ಇರ್ಲಿ ಬಿಡಿ."

ಒಬ್ಬ ಮುದುಕರು ಎದ್ದು, ಬಸ್ ಸ್ಟಾಪಿನಲ್ಲಿ ಕುಡುಕರ ಕಾಟ, ರಾತ್ರಿ ಕಳ್ಳತನವಾದರೆ ಯಾರು ಹೊಣೆ ಎಂದರು. ನ್ಯಾಯವಾದ ಪ್ರಶ್ನೆ. ಕಬ್ಬಿಣದ ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಸುತ್ತೇವೆ ಎಂದೆ. ಪೋಸ್ಟ್‌ಮಾಸ್ಟರ್ ಮನೆಯಲ್ಲೇ ಇದ್ದರೆ ಹೊತ್ತಲ್ಲದ ಹೊತ್ತಿನಲ್ಲೂ ತಂತಿ ಓದಿಸಿಕೊಳ್ಳಬಹುದು ಎಂದರು ಇನ್ನೊಬ್ಬರು. ಅದೂ ನಿಜ. ಹೀಗೆ ಚರ್ಚೆ ಸರಿಯಾದ ದಾರಿಯಲ್ಲೇ ಸಾಗಿತ್ತು. ನಂಜೇಗೌಡರು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ರಸ್ತೆಯ ಆಚೆ ಬಿಸಿಲಿನಲ್ಲಿ ಕಾಲೊನಿಯವರು ನಿಂತಿದ್ದರು. ನೀವೂ ಹೇಳಿ ಎಂದೆ. ಯಾರೂ ಬಾಯಿ ತೆರೆಯಲಿಲ್ಲ.

ಆಗ ಮರಿಯಪ್ಪ ಆ ದಿನದ ಟಪಾಲು ಚೀಲ ಹೊತ್ತು ನಡೆದುಕೊಂಡೇ ಬಂದು ಸೇರಿದ. ಚೀಲವನ್ನು ಎಡಗಂಕುಳಲ್ಲಿ ಅವುಚಿ, ಬಾಯಿಯ ಹಗ್ಗವನ್ನು ಬಲಗೈಗೆ ಸುತ್ತಿಕೊಂಡಿದ್ದ. ದಾರಿಯಲ್ಲಿ ಏನೇ ಆದರೂ ಚೀಲ ಕೈಬಿಡಬಾರದೆಂದು ನಾವೇ ಕಲಿಸಿದ್ದೆವು.

"ಸಾರ್, ನಮ್ಮವ್ವ ಒಂದು ಕಾರ್ಡು ತಗೋಬೇಕಂದ್ರೆ ಬೀದೀಲಿ ನಿಂತು ಕಾಸು ಎಸೀಬೇಕು. ಕಾರ್ಡು ಮೇಲಿಂದ ಬೀಳ್ತದೆ, ಆಯ್ಕೋಬೇಕು. ಕಿಟಕಿ ಮುಂದೆ ನಿಂತು ಕೈಗೆ ಇಸ್ಕೊಳ್ಳೋ ಜಾಗ ಬೇಕು ಸಾರ್. ಅಷ್ಟೇ ನಾವು ಕೇಳೋದು."

ಮಾತು ಮುಗಿದಿತ್ತೋ ಇಲ್ಲವೋ, ಕೆಂಪಣ್ಣ ಪಕ್ಕದ ಗಾಡಿಯ ಗೂಟ ಕಿತ್ತುಕೊಂಡು ನುಗ್ಗಿದ. ಮೊದಲ ಏಟು ಮರಿಯಪ್ಪನ ಹೆಗಲಿಗೆ ಬಿತ್ತು. ಎರಡನೆಯದು ಬೆನ್ನಿಗೆ. ಹುಡುಗ ಮಂಡಿಯೂರಿದ. ಇಬ್ಬರು ಗಾಡಿಯಾಳುಗಳು ಅವನ ಪಕ್ಕೆಗೆ ಒದೆಯತೊಡಗಿದರು.

"ಚೀಲ ಬಿಡೋ ಲೇ!"

"ಬಿಡಕ್ಕಾಗಲ್ಲ ಅಣ್ಣ..."

ಬಿಟ್ಟಿದ್ದರೆ ಓಡಬಹುದಿತ್ತು. ರಸ್ತೆಯಾಚೆ ಅವನ ಜನರೇ ಇದ್ದರು. ಬಿಡಲಿಲ್ಲ. ಕೆಂಪಣ್ಣ ಗೂಟವನ್ನು ಎರಡೂ ಕೈಯಲ್ಲಿ ಎತ್ತಿ ಹಗ್ಗ ಸುತ್ತಿದ್ದ ಮಣಿಕಟ್ಟಿಗೇ ಹೊಡೆದ. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು. ಮರಿಯಪ್ಪ ಕಿರುಚಿದ್ದು ಈಗಲೂ ಕಿವಿಯಲ್ಲಿದೆ.

ಅಲ್ಲಿಂದ ಸಭೆ ಸಭೆಯಾಗಿ ಉಳಿಯಲಿಲ್ಲ. ರಸ್ತೆಯಾಚೆಯಿಂದ ಕಲ್ಲು ಬಂದವು, ಈಚೆಯಿಂದ ಇಟ್ಟಿಗೆ ಹೋದವು. ಟೀ ಅಂಗಡಿಯ ಹೆಂಚು ಪುಡಿಯಾಗಿ ತಲೆಯ ಮೇಲೆ ಸುರಿಯಿತು. ಕುದಿಯುತ್ತಿದ್ದ ಹಂಡೆ ಉರುಳಿ, ಕಳ್ಳತನದ ಪ್ರಶ್ನೆ ಕೇಳಿದ್ದ ಮುದುಕರ ಕಾಲು ಬೆಂದುಹೋಯಿತು. ಕಾಲೊನಿಯ ಒಬ್ಬಾಕೆಯ ಬಾಯಿಗೆ ಇಟ್ಟಿಗೆ ಬಿದ್ದು ಸೆರಗೆಲ್ಲ ರಕ್ತವಾಯಿತು. ನನ್ನ ಹುಬ್ಬಿನ ಮೇಲೂ ಒಂದು ಬಿತ್ತು. ಒಂದು ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆಯೇ ಕೆಂಪಣ್ಣನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಿಗಿದೆ. ಸರ್ಕಾರಿ ನೌಕರ ಸಾರ್ವಜನಿಕರ ಮೇಲೆ ಕೈ ಮಾಡಬಾರದು. ಮಾಡಿದೆ, ಇವತ್ತಿಗೂ ವಿಷಾದವಿಲ್ಲ. ಅವನು ನನ್ನನ್ನು ನೆಲಕ್ಕೆ ಕೆಡವಿ, ಮರಿಯಪ್ಪನ ಜೋತುಬಿದ್ದ ಕೈಯಿಂದ ಚೀಲ ಕಿತ್ತು, ಟೀ ಅಂಗಡಿಯ ಉರಿಯುವ ಸೌದೆ ಒಲೆಗೆ ಎಸೆದ. "ಪೋಸ್ಟಾಫೀಸ್ ಬೇಕಾ? ತಗೊಳ್ರೋ ಪೋಸ್ಟಾಫೀಸು!"

ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ನಂಜೇಗೌಡರು ಆಗ ಎದ್ದರು. "ಲೇ, ಟಪಾಲು ಕಣೋ ಅದು! ನನ್ನ ಆಫೀಸಿನ ಟಪಾಲು!" ಎಂದು ಚೀರುತ್ತಾ ಓಡಿಹೋಗಿ, ಬರಿಗೈಯನ್ನು ಒಲೆಯೊಳಗೆ ತೂರಿಸಿ ಚೀಲ ಎಳೆದರು. ಅಂಚು ಹೊತ್ತಿಕೊಂಡಿತ್ತು. ಎದೆಗೆ ಒತ್ತಿ ಒತ್ತಿ ಬೆಂಕಿ ನಂದಿಸಿದರು. ಅಂಗಿ ಸುಟ್ಟಿತು, ಎರಡೂ ಅಂಗೈಯ ಚರ್ಮ ಸುಲಿದು ನೇತಾಡಿತು. ಎರಡೂ ಕಡೆಯವರು ಕಲ್ಲು ಹಿಡಿದ ಕೈ ಹಾಗೇ ಇಳಿಸಿದರು. ಮೂವತ್ತು ವರ್ಷ ಆ ಕೆಲಸ ಮಾಡಿದ ಮನುಷ್ಯನ ನಿಷ್ಠೆಗೆ ನಾನೂ ಮನಸ್ಸಿನಲ್ಲೇ ಕೈಮುಗಿದೆ. ಆ ಗೌರವ ಮರುಕ್ಷಣವೇ ಇಳಿದುಹೋಯಿತು. ಅವರ ಕಾಲಿನ ಬಳಿಯೇ ಮರಿಯಪ್ಪ ಮಣ್ಣಿನಲ್ಲಿ ಮುಖ ಹೂತು ಬಿದ್ದಿದ್ದ. ಗೌಡರು ಅವನನ್ನು ಮುಟ್ಟದೆ ಸುತ್ತಿ ಬಳಸಿ ಚೀಲದೊಂದಿಗೆ ಮನೆಯ ಕಡೆ ನಡೆದರು.

ಇಟ್ಟಿಗೆ ಲಾರಿಯೊಂದನ್ನು ಅಡ್ಡಗಟ್ಟಿ ಗಾಯಗೊಂಡವರನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಅಲ್ಲಿಂದ ಮೇಲಧಿಕಾರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು: "ಟಪಾಲು ಸೇಫ್ ತಾನೇ?"

ಪೊಲೀಸರು ಬಂದರು. ಸರ್ಕಾರಿ ಟಪಾಲಿಗೆ ಬೆಂಕಿ ಇಟ್ಟದ್ದಕ್ಕೆ ಊರ ತುಂಬ ಸಾಕ್ಷಿ. ಕೈ ಮುರಿದದ್ದಕ್ಕೆ ಊರಿನವರಲ್ಲಿ ಒಬ್ಬರೂ ಇಲ್ಲ. ಕಾಲೊನಿಯವರು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ನಾನು ಚೀಲ ನೋಡ್ತಿದ್ದೆ ಸ್ವಾಮಿ, ಯಾರು ಹೊಡುದ್ರೋ ಕಾಣೆ," ಎಂದರು ನಂಜೇಗೌಡರು, ಬ್ಯಾಂಡೇಜು ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಇಲಾಖೆಯ ಸಾಕ್ಷಿಯೆಂದರೆ ನಾನೊಬ್ಬನೇ. ಹೇಳಿಕೆ ಕೊಟ್ಟೆ, ಕೋರ್ಟಿಗೂ ಹೋದೆ. ಕೆಂಪಣ್ಣನಿಗೆ ಶಿಕ್ಷೆಯಾದದ್ದು ಚೀಲಕ್ಕೆ ಮಾತ್ರ.

ವರದಿಯಲ್ಲಿ ಪ್ರಸ್ತಾಪವನ್ನು ಬಲವಾಗಿ ಬೆಂಬಲಿಸಿ ಬರೆದೆ. ಕಚೇರಿ ಬಸ್ ಸ್ಟಾಪಿನ ಕೊಠಡಿಗೆ ಬಂತು. ಬೀದಿಯಲ್ಲಿ ಹೋಗಿ ಕೂರಲಾರೆ ಎಂದು ನಂಜೇಗೌಡರು ರಾಜೀನಾಮೆ ಕೊಟ್ಟರು. ಮರಿಯಪ್ಪನ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ, ಸೈಕಲ್ ತುಳಿದು ಟಪಾಲು ಹಂಚಲು ಆಗಲಿಲ್ಲ. ಜಗಲಿ ಇಲ್ಲದಿದ್ದರೂ ಪೋಸ್ಟ್‌ಮಾಸ್ಟರ್ ಆಗಬಹುದೆಂದು ಆಗಿದ್ದರಿಂದ ಅವನಿಂದ ಅರ್ಜಿ ಹಾಕಿಸಿದೆ. ಕೆಲಸ ಸಿಕ್ಕಿತು. ಎಡಗೈಯಲ್ಲಿ ಠಸ್ಸೆ ಒತ್ತುವುದನ್ನು ಕಲಿತ. ಮೊದಮೊದಲು ಊರಿನ ಕೆಲವರು ಕಾರ್ಡಿಗೆ ಸುಂಕದಕಟ್ಟೆಗೇ ಹೋಗಿ ಬರುತ್ತಿದ್ದರು. ಕಾಲು ನೋಯತೊಡಗಿದ ಮೇಲೆ ಇಲ್ಲಿಗೇ ಬಂದರು.

ಆದರೆ ಈ ಪ್ರಕರಣ ನನ್ನೊಳಗೆ ಉಳಿದದ್ದು ಅದರಿಂದಲ್ಲ. ಗಲಾಟೆಯ ಮರುದಿನ ಆಸ್ಪತ್ರೆಗೆ ಹೋಗಿದ್ದೆ. ಮರಿಯಪ್ಪನ ಕೈಗೆ ಪಟ್ಟಿ ಹಾಕಿ ಮಲಗಿಸಿದ್ದರು. ಅವನ ತಾಯಿ ಹನುಮಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮರಿಯಪ್ಪ ಕಣ್ಣು ಬಿಟ್ಟು, ನನ್ನನ್ನು ಕಂಡು ಏಳಲು ನೋಡಿದ.

"ಸಾರ್, ಚೀಲ ಏನಾಯ್ತು?"

ನಾನು ಉತ್ತರಿಸುವ ಮೊದಲೇ ಹನುಮಕ್ಕ ಹೇಳಿದಳು: "ನಿನ್ ಚೀಲಕ್ಕೇನೂ ಆಗಿಲ್ಲ ಮಲಿಕ್ಕಳಪ್ಪ. ಪೊಲೀಸ್ನೋರೂ ಅದನ್ನೇ ಕೇಳುದ್ರು, ನಿಮ್ ಆಫೀಸ್ನೋರೂ ಬಂದು ಅದನ್ನೇ ಕೇಳುದ್ರು. ನಿನ್ ಕೈ ಎಂಗೈತೆ ಅಂತ ಇನ್ನೂ ಒಬ್ರೂ ಕೇಳಿಲ್ಲ."

ಆಮೇಲೆ ನಿವೃತ್ತಿಯವರೆಗೂ ಬೆಂಕಿ, ದರೋಡೆ, ಅಪಘಾತ ಎಂದು ಎಷ್ಟೋ ಫೋನುಗಳು ಬಂದವು. ಪ್ರತಿಸಲವೂ ನಾನು ಮೊದಲು ಕೇಳಿದ್ದು ನಮ್ಮ ಮನುಷ್ಯ ಹೇಗಿದ್ದಾನೆ ಎಂದು. ನಿಯಮಗಳನ್ನೆಲ್ಲ ಇಲಾಖೆ ಕಲಿಸಿತು, ಇದೊಂದನ್ನು ಹನುಮಕ್ಕ ಕಲಿಸಿದಳು.