ಸಾಕ್ಷಿ ಅಕ್ಕ ಸಹಿ ಹಾಕದ ವರದಿ

ನಮ್ಮ ಲ್ಯಾಬಿನಲ್ಲಿ ಮೂರು ಕೋಣೆಗಳಿವೆ. ಮೊದಲನೆಯದರಲ್ಲಿ ರಾಸಾಯನಿಕ ಬೆರೆಸುತ್ತಾರೆ, ಎರಡನೆಯದರಲ್ಲಿ ರಕ್ತದಿಂದ ವೈರಸ್ಸಿನ ಡಿಎನ್‌ಎ ಬೇರ್ಪಡಿಸುತ್ತಾರೆ, ಮೂರನೆಯದರಲ್ಲಿ ಯಂತ್ರ ಅದನ್ನು ಕೋಟಿಗಟ್ಟಲೆ ನಕಲು ಮಾಡಿ ಎಣಿಸುತ್ತದೆ. ಮೂರನೆಯದಕ್ಕೆ ಕಾಲಿಟ್ಟವರು ಆ ದಿನ ಮತ್ತೆ ಮೊದಲನೆಯದಕ್ಕೆ ಹೋಗುವಂತಿಲ್ಲ. ಬಟ್ಟೆಗೆ ಅಂಟಿಕೊಂಡ ನಕಲು ಅಲ್ಲಿ ಸೇರಿಕೊಂಡರೆ ರೋಗ ಇಲ್ಲದವರಿಗೂ ಇದೆ ಎಂದು ವರದಿ ಬಂದೀತು.

ಇಲ್ಲಿ ಪರೀಕ್ಷೆ ನಡೆಸಿ ವರದಿಗೆ ಸಹಿ ಹಾಕುವ ಅಕ್ಕನ ರಕ್ತಕ್ಕೇ ಈ ನಿಯಮ ಇಳಿದುಬಿಟ್ಟಿದೆ. ಒಮ್ಮೆ ಕನ್ನಡಕವನ್ನು ಮೊದಲ ಕೋಣೆಯಲ್ಲಿ ಮರೆತು ಮಧ್ಯಾಹ್ನವಿಡೀ ಮೂರನೆಯದರಲ್ಲಿ ಕಣ್ಣು ಕಿರಿದು ಮಾಡಿಕೊಂಡೇ ಕೆಲಸ ಮಾಡಿದರು. ನಾನು ತಂದುಕೊಡುತ್ತೇನೆ ಎಂದರೆ, "ನೀನೂ ಈಗ ಇಲ್ಲೇ ನಿಂತಿದ್ದೀಯಲ್ಲಪ್ಪಾ" ಎಂದು ನನ್ನನ್ನೂ ತಡೆದರು. "ಇವಳು ಅಡುಗೆಮನೆಯಿಂದ ಹೊರಗೆ ಬಂದ್ರೆ ಮತ್ತೆ ಒಳಗೆ ಹೋಗಲ್ಲ, ಪಾತ್ರೆಯೆಲ್ಲ ನಂದೇ" ಎಂದು ಅವರ ಯಜಮಾನರು ನಗುತ್ತಾರೆ.

ಸಾಕ್ಷಿ ಅಕ್ಕ ಎಂಬ ಅಡ್ಡಹೆಸರು ಇಟ್ಟವನು ನಾನೇ. ಪ್ರತಿ ರೋಗಿಯ ರಕ್ತಕ್ಕೂ ಅವರು ಗೊತ್ತಿರುವ ಒಂದು ಡಿಎನ್‌ಎಯನ್ನು ಸಾಕ್ಷಿಗೆಂದು ಸೇರಿಸುತ್ತಾರೆ. ರೋಗ ಇಲ್ಲದಿದ್ದರೆ ಪರದೆಯ ಮೇಲೆ ವೈರಸ್ಸಿನ ಗೆರೆ ಏರದಿರಬಹುದು, ಈ ಸಾಕ್ಷಿಯ ಗೆರೆ ಮಾತ್ರ ಏರಲೇಬೇಕು. ಏರದಿದ್ದರೆ ಪರೀಕ್ಷೆಯೇ ನಡೆದಿಲ್ಲ ಎಂದು ಅರ್ಥ.

ನನ್ನದು ರಕ್ತ ತೆಗೆಯುವ ಕೆಲಸ. ಈ ವರದಿಯ ಗಲಾಟೆ ನಡೆದಾಗ ನನ್ನ ತಂಗಿ ಏಳು ತಿಂಗಳ ಬಸುರಿ, ಕಾಮಾಲೆ ತರುವ ಹೆಪಟೈಟಿಸ್ ಬಿ ಇರುವುದು ಬಸಿರಾದ ಮೇಲೆ ಗೊತ್ತಾಗಿತ್ತು. ಒಂದು ಎಂಎಲ್ ರಕ್ತದಲ್ಲಿ ವೈರಸ್ಸು ಎರಡು ಲಕ್ಷ ದಾಟಿದ್ದರೆ ಈಗಲೇ ಮಾತ್ರೆ ಶುರು ಮಾಡಬೇಕು, ಇಲ್ಲದಿದ್ದರೆ ಹೆರಿಗೆಯಲ್ಲಿ ಮಗುವಿಗೂ ಬರಬಹುದು ಎಂದಿದ್ದರು ಡಾಕ್ಟರು. ಸೂಜಿ ಕಂಡರೆ ನಡುಗುವವಳು ನನ್ನ ಕೈಗೆ ಮಾತ್ರ ತೋಳು ಕೊಟ್ಟಳು.

ಮರುದಿನ ಪರದೆಯ ಮೇಲೆ ಅವಳ ವೈರಸ್ಸಿನ ಗೆರೆ ನೆಲ ಬಿಟ್ಟು ಏಳಲಿಲ್ಲ. ನಾನು ಆಗಲೇ ಫೋನ್ ಮಾಡಿದೆ. "ಇಲ್ವಂತೆ ಕಣೇ!" ಅವಳು ಅಳುತ್ತಾ ನಕ್ಕಳು.

ಅಕ್ಕ ಪೆನ್ನು ಹಿಡಿದು ಕೂತೇ ಇದ್ದರು. "ಇದೇನಪ್ಪಾ ಇದು, ಸಾಕ್ಷೀನೂ ಮಲಗಿಬಿಟ್ಟಿದೆ? ಉಳಿದವರದ್ದೆಲ್ಲ ಸರಿಯಾಗಿದೆ."

ಅದೇ ರಕ್ತದಲ್ಲಿ ಮತ್ತೆ ಮಾಡಿದರು. ರಾಸಾಯನಿಕದ ಡಬ್ಬಿ ಬದಲಿಸಿ ಮಾಡಿದರು. ಎರಡೂ ಗೆರೆ ಹಾಗೆಯೇ ಮಲಗಿದ್ದವು. ಮೂರು ದಿನ ಕಳೆಯಿತು, ಸಹಿ ಬೀಳಲಿಲ್ಲ. ನನಗೆ ತಲೆ ಕೆಟ್ಟಿತು.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ" ಎಂದುಬಿಟ್ಟೆ.

"ಇರಬಹುದು. ನನಗೂ ಏನೂ ಗೊತ್ತಾಗ್ತಿಲ್ಲ" ಎಂದರು. ಅವರು ಬೈದಿದ್ದರೆ ವಾಸಿಯಿತ್ತು. ಅಕ್ಕನಿಗೇ ಗೊತ್ತಿಲ್ಲವೆಂದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು. ಇದೆಯೋ, ಇಲ್ಲವೋ? ತಂಗಿಗೆ ನಾನು ಹೇಳಿದ್ದೇನು?

ಅಕ್ಕ ತಂಗಿಯ ರಕ್ತದ ಕೊಳವೆಯನ್ನು ಬೆಳಕಿಗೆ ಹಿಡಿದರು. "ರಕ್ತ ತೆಗೆದದ್ದು ಇದರಲ್ಲೇ ತಾನೇ?"

"ನೇರಳೆ ಮುಚ್ಚಳದ್ದು, ಕಾಣಲ್ವಾ?" ಎನ್ನಲು ಹೋದವನ ನಾಲಿಗೆ ಅಲ್ಲೇ ನಿಂತಿತು. ಈ ಪರೀಕ್ಷೆಗೆ ನೇರಳೆ ಮುಚ್ಚಳದ ಕೊಳವೆಯೇ ಆಗಬೇಕು, ಆ ದಿನ ಅವು ಮುಗಿದಿದ್ದವು. ಹಸಿರು ಮುಚ್ಚಳದ್ದರಲ್ಲಿ ತೆಗೆದಿದ್ದೆ. ತಂಗಿಗೆ ಎರಡನೇ ಸಲ ಚುಚ್ಚಲು ಮನಸ್ಸಾಗದೆ, ಸಂಜೆ ಹೊಸ ಪೆಟ್ಟಿಗೆ ಬಂದ ಮೇಲೆ ಆ ರಕ್ತವನ್ನೇ ನೇರಳೆಯದಕ್ಕೆ ಸುರಿದಿದ್ದೆ. ರಕ್ತ ರಕ್ತವೇ ತಾನೇ ಎಂದುಕೊಂಡಿದ್ದೆ.

ಎಲ್ಲ ಹೇಳಿದೆ. ಅಕ್ಕ ಕುರ್ಚಿಗೆ ಒರಗಿದರು. "ಹಸಿರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಹಾಕಿರ್ತಾರೆ ಕಣಪ್ಪಾ. ಅದು ಬೆರೆತರೆ ಡಿಎನ್‌ಎ ನಕಲೇ ಆಗಲ್ಲ. ವೈರಸ್ಸು ಎಷ್ಟಿದ್ರೂ ಕಾಣಲ್ಲ, ಸಾಕ್ಷೀನೂ ಕಾಣಲ್ಲ."

ಮಾಡಿದ್ದುಣ್ಣೋ ಮಹರಾಯ. ಅದೇ ಮಧ್ಯಾಹ್ನ ತಂಗಿಯ ಮುಂದೆ ಮತ್ತೆ ಸೂಜಿ ಹಿಡಿದು ನಿಂತೆ. "ಇಲ್ಲ ಅಂದಿದ್ಯಲ್ಲೋ ಅಣ್ಣಾ" ಎಂದಳು, ಮುಖ ಆ ಕಡೆ ತಿರುಗಿಸಿ ತೋಳು ಕೊಟ್ಟಳು. ಈ ಸಲ ಎರಡೂ ಗೆರೆ ಎದ್ದವು. ವೈರಸ್ಸು ಒಂಬತ್ತು ಕೋಟಿ. ಅಕ್ಕ ಒಂದೇ ಏಟಿಗೆ ಸಹಿ ಹಾಕಿದರು, ಮಾತ್ರೆ ಶುರುವಾಯಿತು. ಅಷ್ಟು ದೊಡ್ಡ ಸಂಖ್ಯೆ ನೋಡಿ ಅಳಬೇಕೋ, ಸದ್ಯ ಕಂಡಿತಲ್ಲ ಎಂದು ಸಮಾಧಾನಪಡಬೇಕೋ ನನಗೆ ತಿಳಿಯಲಿಲ್ಲ.

ಹುಟ್ಟಿದ ದಿನವೇ ಮಗುವಿಗೆ ಚುಚ್ಚುಮದ್ದು ಹಾಕಿದರು. ವರ್ಷ ತುಂಬಿದ ಮೇಲೆ ಅದರ ರಕ್ತ ನಮ್ಮಲ್ಲಿಗೆ ಬಂತು. ನಾನು ತೆಗೆಯಲಿಲ್ಲ, ಸೂಜಿಯನ್ನು ಜೊತೆಯವನ ಕೈಗೆ ಕೊಟ್ಟೆ. ಮೂರನೇ ಕೋಣೆಯ ಬಾಗಿಲು ತೆರೆದು ಅಕ್ಕ "ಇಲ್ಲ ಕಣಪ್ಪಾ, ಇಲ್ಲ!" ಎಂದು ಕೂಗಿದರು. ತಂಗಿ ಹೊರಗೆ ಬೆಂಚಿನ ಮೇಲೆ ಮಗುವನ್ನು ಅವಚಿಕೊಂಡು ಕಾಯುತ್ತಿದ್ದಳು. ನಾನು ಅವಳ ಕಡೆ ಓಡಲಿಲ್ಲ.

"ಸಾಕ್ಷಿ ಎದ್ದಿದೆಯಾ ಅಕ್ಕಾ?" ಎಂದು ಕೇಳಿದೆ.