ಎಂಜಿನ್ ಇಳಿಸುವ ಪ್ರಭಕ್ಕ

ಮುಂಬೈ ಬಳಿಯ ಠಾಕುರ್ಲಿಯ ಚಾಳಿನ ಹಿಂದಿನ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಫಿಯೆಟ್ ಕಾರಿನ ಬಾನೆಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಲಾಗಿದೆ. ನೈಟಿಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಪ್ರಭಾ ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದಾರೆ. ಬಿಚ್ಚಿದ ಪ್ರತಿ ವಯರಿಗೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟುತ್ತಾರೆ. ಮರಳಿ ಜೋಡಿಸುವಾಗ ಯಾವುದು ಎಲ್ಲಿಗೆಂದು ತಿಳಿಯಬೇಕಲ್ಲ. ಕಾರು ಕಲ್ಯಾಣದ ಬಟ್ಟೆ ವ್ಯಾಪಾರಿಯೊಬ್ಬರದು.

ಪಕ್ಕದ ಸ್ಟೂಲಿನಲ್ಲಿ ಕುಳಿತವರು ಗಂಡ ಕಮಲಾಕ್ಷ. ಕಾರ್ಕಳದ ಕಡೆಯವರು, ಡೊಂಬಿವಲಿಯ ಗ್ಯಾರೇಜೊಂದರಲ್ಲಿ ಹೆಸರಾಗಿದ್ದ ಮೆಕ್ಯಾನಿಕ್. 2006ರಲ್ಲಿ ಲೋಕಲ್ ರೈಲಿನಿಂದ ಬಿದ್ದು ಬಲಗೈಯ ಶಕ್ತಿ ಹೋಯಿತು, ಹಿಂದೆಯೇ ಕೆಲಸವೂ. ಮನೆಯ ಹಿಂದೆ ಅವರದೇ ಫಿಯೆಟ್ ಕೆಟ್ಟ ಎಂಜಿನ್ ಹೊತ್ತು ನಿಂತಿತ್ತು. ಅದನ್ನು ಗುಜರಿಗೆ ಕೊಡಲು ಅವರು ಮಾತಾಡಿ ಬಂದ ದಿನವೇ, ಎಂಜಿನ್ ತಾನೇ ಬಿಚ್ಚುತ್ತೇನೆಂದರು ಪ್ರಭಾ. ಅಲ್ಲಿಯವರೆಗೆ ಅವರು ಮಾಡಿದ್ದು ಗಂಡನ ಕೈಗೆ ಬೋಲ್ಟ್ ಬಿಚ್ಚುವ ಪಾನಾ ಎತ್ತಿಕೊಟ್ಟದ್ದಷ್ಟೆ.

"ಇವರು ನನ್ನ ಹತ್ರ ಮಾತೇ ಬಿಟ್ರು. ತನ್ನ ಕಾರಿಗೆ ಬೇರೆಯವರ ಕೈ ಬಿತ್ತಲ್ಲ ಅಂತ ಬೇಜಾರು. ಆ ಬೇರೆಯವರು ನಾನೇ ಅಲ್ವಾ ಮಾರಾಯ್ರೆ," ಎಂದು ನಗುತ್ತಾರೆ ಪ್ರಭಾ.

ಎಂಜಿನ್ ಇಳಿಸುವ ದಿನವೂ ಕಮಲಾಕ್ಷ ಒಳಗೇ ಕುಳಿತರು. ಪ್ರಭಾ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ರಾಟೆ ತೂಗುಹಾಕಿ ಸರಪಳಿ ಎಳೆದರು. ಎಂಜಿನ್ ಸ್ವಲ್ಪ ಎದ್ದು ನಿಂತಿತು. ಇನ್ನೂ ಎಳೆದರೆ ಕಾರಿನ ಮೂತಿಯೇ ಮೇಲೇಳತೊಡಗಿತು, ಸ್ಟ್ಯಾಂಡಿನ ಒಂದು ಕಾಲು ಜರುಗಿತು. ಕಿಟಕಿಯಲ್ಲಿ ನೋಡುತ್ತಿದ್ದ ಕಮಲಾಕ್ಷ ಬರಿಗಾಲಲ್ಲೇ ಓಡಿ ಬಂದರು.

"ಎಳೀಬೇಡ, ಇಳಿಸು. ಗೇರ್‌ಬಾಕ್ಸಿನ ಮೇಲೊಂದು ಬೋಲ್ಟ್ ಉಳಿದಿದೆ. ಕಣ್ಣಿಗೆ ಕಾಣುವುದಿಲ್ಲ ಅದು, ಕೈ ಹಾಕಿ ಹುಡುಕು."

ಪ್ರಭಾ ಹುಡುಕಿದರು, ಸಿಕ್ಕಿತು, ಬಿಚ್ಚಿದರು. ಈ ಸಲ ಎಂಜಿನ್ ಕಳಚಿಕೊಂಡು ಗಾಳಿಯಲ್ಲಿ ತೂಗಾಡಿತು. ಕಮಲಾಕ್ಷ ತಮ್ಮ ಎಡಗೈಯನ್ನು ಅದಕ್ಕೆ ಒತ್ತಿ ಹಿಡಿದು, ನೆಲ ಮುಟ್ಟುವವರೆಗೂ ಬಿಡಲಿಲ್ಲ. ಆಮೇಲೆ ಇಬ್ಬರೂ ಅಲ್ಲೇ ಕುಳಿತು ಚಹಾ ಕುಡಿದರಂತೆ.

ಆ ಫಿಯೆಟ್ ಮತ್ತೆ ಓಡಿತು. ಅದನ್ನು ಕಂಡ ಅಕ್ಕಪಕ್ಕದವರು ತಮ್ಮ ಹಳೆಯ ಕಾರುಗಳನ್ನು ತಂದರು. ಈಗಲೂ ಹೊಸಬರು ಬಂದು ರಿಪೇರಿ ಮಾಡುವ ಮಿಸ್ತ್ರಿ ಎಲ್ಲಿ ಎಂದು ಕಮಲಾಕ್ಷರನ್ನೇ ಕೇಳುತ್ತಾರೆ. ಅವರು ಕಾರಿನಡಿಯಿಂದ ಕಾಣುವ ಎರಡು ಪಾದಗಳನ್ನು ತೋರಿಸುತ್ತಾರೆ.

ದೊಡ್ಡ ಗ್ಯಾರೇಜು ಹಾಕುವ ಆಸೆ ಇದೆಯೇ ಎಂದು ಕೇಳಿದರೆ ಪ್ರಭಾ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ.

"ಗ್ಯಾರೇಜ್ ಎಲ್ಲ ಬೇಡ. ಈ ಅಂಗಳಕ್ಕೊಂದು ತಗಡು ಹಾಕಿಸ್ಬೇಕು. ನಾನು ಮಳೆಯಲ್ಲಿ ನೆನೆದ್ರೂ ಅಡ್ಡಿಯಿಲ್ಲ. ಇವರು ಹತ್ರ ಕೂತ್ಕೊಳ್ಳದಿದ್ರೆ ನನಗೆ ಕೆಲಸ ಸಾಗುವುದಿಲ್ಲ."