ಗುಂಡು ತೂಗುತ್ತಿದ್ದ ಆಂಟಿ

ಆಂಟಿಯ ಮೂಗಿನ ಮೇಲೆ ಯಾವಾಗಲೂ ಎರಡು ಕನ್ನಡಕ. ಒಳಗೆ ಓದುವ ಕನ್ನಡಕ, ಅದರ ಮೇಲೆ ಕಣ್ಣಿಗೆ ಏನೂ ಸಿಡಿಯದಂತೆ ಹಾಕುವ ದಪ್ಪ ಪ್ಲಾಸ್ಟಿಕ್ಕಿನದು. ಎರಡರ ಭಾರಕ್ಕೆ ಮೂಗಿನ ಪಕ್ಕ ಕೆಂಪು ಗುಳಿಗಳು ಬಿದ್ದಿದ್ದವು. ಬೈಯಬೇಕಾದಾಗ ಮೇಲಿನದನ್ನು ಹಣೆಗೆ ಏರಿಸುತ್ತಿದ್ದರು. ನಾನು ಹೋದ ದಿನ ಅದು ಬಹುಪಾಲು ಹಣೆಯ ಮೇಲೇ ಇರುತ್ತಿತ್ತು.

ಮೈಸೂರಿನವರು. ಆಯುಷ್ಯವೆಲ್ಲ ಆಸ್ಪತ್ರೆಗಳಲ್ಲಿ ಔಷಧಿ ಅಳೆದು ಕೊಟ್ಟು, ನಿವೃತ್ತರಾಗಿ ಈ ಪರದೇಶದ ಪೋರ್ಟರ್ ರ್ಯಾಂಚ್ ಎಂಬ ಊರಿನಲ್ಲಿದ್ದರು. ಗಂಡನಿಂದ ಹತ್ತಿದ ಹವ್ಯಾಸವನ್ನು ಅವರು ತೀರಿಕೊಂಡ ಮೇಲೂ ಬಿಟ್ಟಿರಲಿಲ್ಲ. ರೇಂಜಿಗೆ ಹೋಗಿ ಕಾಗದದ ಗುರಿಗೆ ಪಿಸ್ತೂಲು ಹಾರಿಸುವುದು, ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಹೆಕ್ಕಿ ತಂದು ಗರಾಜಿನಲ್ಲಿ ಮತ್ತೆ ಪೌಡರ್ ತುಂಬಿ, ಗುಂಡು ಕೂರಿಸಿ, ತೋಟಾ ಮಾಡುವುದು. ನನ್ನ ಗಂಡನಿಗೂ ಶನಿವಾರದ ಶೂಟಿಂಗ್ ಹುಚ್ಚು. ೨೦೨೦ರಲ್ಲಿ ಅಂಗಡಿಗಳಲ್ಲಿ ತೋಟಾ ಸಿಗದೆ ಅವರು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಾಗ, ತುಂಬುವುದನ್ನು ನಾನೇ ಕಲಿಯುತ್ತೇನೆಂದೆ. ಅವರಿಗೆ ತಾಳ್ಮೆಯಿಲ್ಲ. ನನಗಿದೆ ಎಂದು ನಾನು ನಂಬಿದ್ದೆ.

ಮೊದಲ ದಿನವೇ ಜಗಳ. ಒಂದು ಸಲ ಹಿಡಿ ಎಳೆದರೆ ಎಲ್ಲ ಕೆಲಸವೂ ಆಗುವ ದೊಡ್ಡ ಯಂತ್ರ ಆರ್ಡರ್ ಮಾಡಿದ್ದೇನೆ ಎಂದೆ. ಮಾಸ್ಕಿನ ಮೇಲಿನ ಕನ್ನಡಕ ಹಣೆಗೇರಿತು.

"ವಾಪಸ್ ಕಳಿಸು. ಮೊದ್ಲು ಒಂದು ಪಾವು ಅಕ್ಕಿ ಬೇಯಿಸೋದು ಕಲಿ, ಆಮೇಲೆ ಮದ್ವೆ ಅಡುಗೆ."

ಬೇಕಾದ್ದನ್ನು ಅವರೇ ಹೇಳಿ ಬರೆಸಿದರು. ಎಲ್ಲಕ್ಕಿಂತ ಮೊದಲು ಅಳತೆಗಳ ಪುಸ್ತಕ. ನಂತರ ತಕ್ಕಡಿ, ಆ ತಕ್ಕಡಿ ಸುಳ್ಳು ಹೇಳುತ್ತಿದೆಯೇ ನೋಡಲು ತೂಕದ ಪುಟ್ಟ ಬೊಟ್ಟುಗಳು. ಉದ್ದ ಅಳೆಯುವ ಕ್ಯಾಲಿಪರ್. ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಣ್ಣ ಪ್ರೆಸ್, ಅದಕ್ಕೆ ಕೂರಿಸುವ ಡೈಗಳು, ಅಂದರೆ ಅಚ್ಚುಗಳು. ಕೊಳವೆಗಳನ್ನು ನಿಲ್ಲಿಸಲು ಐವತ್ತು ತೂತಿನ ಹಲಗೆ. ಕೊನೆಗೆ ಪ್ಲಾಸ್ಟಿಕ್ಕಿನ ಸುತ್ತಿಗೆ. ತಪ್ಪಾಗಿ ತುಂಬಿದ ತೋಟಾವನ್ನು ಅದರ ತಲೆಯೊಳಗಿಟ್ಟು ನೆಲಕ್ಕೆ ಬಡಿದರೆ ಗುಂಡು ಕಳಚಿಕೊಳ್ಳುತ್ತದೆ.

"ಮಾಡೋ ಮುಂಚೇನೇ ತಪ್ಪು ಮಾಡ್ತೀನಿ ಅಂತ ತೀರ್ಮಾನ ಮಾಡ್ಬಿಟ್ರಾ ಆಂಟಿ?"

"ಹೂಂ," ಎಂದರು.

ಭಾನುವಾರಗಳಂದು ಗರಾಜಿನ ಬಾಗಿಲು ತೆರೆದಿಟ್ಟು, ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು. ಫೋನು ಕಾರಿನಲ್ಲಿ. ಮಾತಿಲ್ಲ. ಮೇಜಿನ ಮೇಲೆ ಒಂದೇ ಡಬ್ಬಿ ಪೌಡರ್. ಮಿಕ್ಕದ್ದು ಅದೇ ಡಬ್ಬಿಗೆ ವಾಪಸ್ಸು. ಹಲಗೆಯ ಐವತ್ತರಲ್ಲೂ ಪೌಡರ್ ಬಿದ್ದ ಮೇಲೆ ಯಾವುದೂ ಖಾಲಿ ಉಳಿದಿಲ್ಲ, ಯಾವುದಕ್ಕೂ ಎರಡು ಸಲ ಬಿದ್ದಿಲ್ಲ ಎಂದು ಟಾರ್ಚ್ ಹಿಡಿದು ಒಂದೊಂದನ್ನೂ ಇಣುಕಬೇಕು. ನಾನು ಎರಡೆರಡು ಸಾಲು ಒಟ್ಟಿಗೆ ನೋಡಿದರೆ ಹಲಗೆಯನ್ನೇ ಕಸಿದುಕೊಳ್ಳುತ್ತಿದ್ದರು. ಎಷ್ಟೋ ಸಲ ನಮ್ಮೂರು ಡೈಮಂಡ್ ಬಾರಿಗೆ ಮರಳುವ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಡ್ರೈವ್ ಮಾಡಿದ್ದೇನೆ.

ವರ್ಷ ಕಳೆಯಿತು. ನನ್ನ ಗರಾಜಿನಲ್ಲೇ ತುಂಬತೊಡಗಿದೆ. ಒಂದು ಶನಿವಾರ ಆಂಟಿ ಊಟಕ್ಕೆಂದು ಬೇಗ ಬಂದವರು ನೇರ ಗರಾಜಿಗೆ ಹೋದರು. ಅಲ್ಲಿ ಕಾಫಿ ಬಾಟಲಿಯೊಂದು ಕಂಡಿತು. ನಮ್ಮ ಮನೆಗಳ ಚಾಳಿ ನಿಮಗೇ ಗೊತ್ತು, ಐಸ್‌ಕ್ರೀಮ್ ಡಬ್ಬಿಯಲ್ಲಿ ಸಾರಿನ ಪುಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ. ಪೌಡರಿನ ಡಬ್ಬಿಯ ಮುಚ್ಚಳ ಒಡೆದಿತ್ತು. ಮಿಕ್ಕದ್ದನ್ನು ತೊಳೆದು ಒಣಗಿಸಿದ ಕಾಫಿ ಬಾಟಲಿಗೆ ಸುರಿದು ಚೀಟಿ ಅಂಟಿಸಿದ್ದೆ. ಚೀಟಿ ಎಲ್ಲೋ ಬಿದ್ದುಹೋಗಿತ್ತು.

"ಇದ್ರಲ್ಲಿ ಏನಿದೆ?"

ನಾನು ಪೌಡರಿನ ಹೆಸರು ಹೇಳಿದೆ.

"ಹೇಗ್ ಗೊತ್ತು?"

"ನಾನೇ ಅಲ್ವಾ ಆಂಟಿ ಹಾಕಿದ್ದು."

"ಹಾಕಿದ್ದು ಗೊತ್ತು. ಇರೋದು ಹೇಗ್ ಗೊತ್ತು?"

ಆ ಪೌಡರಿನಿಂದ ತುಂಬಿದ್ದ ನೂರೈವತ್ತು ತೋಟಾ ಆಗಲೇ ನನ್ನ ಗಂಡನ ಕಾರಿನಲ್ಲಿದ್ದವು. ಅವರು ರೇಂಜಿಗೆ ಹೊರಡಲು ಕಾರು ಸ್ಟಾರ್ಟ್ ಮಾಡಿದ್ದರು. ಆಂಟಿ ಹೋಗಿ ಕಾರಿನ ಹಿಂದೆ ನಿಂತರು.

"ತೋಟಾ ಡಬ್ಬಿ ಇಳಿಸಪ್ಪ. ಇಲ್ಲಾಂದ್ರೆ ನನ್ ಮೇಲೆ ಹತ್ತಿಸ್ಕೊಂಡ್ ಹೋಗು."

ಪಕ್ಕದ ಮನೆಯವರು ಕಿಟಕಿಗೆ ಬಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದು ಪೌಡರಿನ ಅಳತೆಗೆ ಇನ್ನೊಂದನ್ನು ಹಾಕಿದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು, ಗೊತ್ತಿತ್ತು. ಆದರೆ ಅದು ಬೇರೆಯದಲ್ಲ, ಅದೇ, ಎಂದು ನಾನು ವಾದಿಸಿದೆ.

"ಇರ್ಬಹುದು," ಎಂದರು ಆಂಟಿ. "ಗಂಡನ ಕಣ್ಣನ್ನ 'ಇರ್ಬಹುದು' ಮೇಲೆ ಬಿಡ್ತೀಯಾ?"

ನೂರೈವತ್ತನ್ನೂ ನನ್ನಿಂದಲೇ ಒಡೆಸಿದರು. ಸುತ್ತಿಗೆ ಬಡಿದೂ ಬಡಿದೂ ಅಂಗೈ ಬೊಬ್ಬೆ ಎದ್ದಿತು. ಅವರು ಎದುರು ಕುರ್ಚಿ ಹಾಕಿಕೊಂಡು ಎಣಿಸಿದರು. ಮಾಡಿಟ್ಟ ಊಟ ಮಾಡದೆ ಹೊರಟುಹೋದರು. ಆ ಪೌಡರ್ ಸರಿಯಾದದ್ದೇ ಆಗಿತ್ತೋ ಇಲ್ಲವೋ ಕೊನೆಗೂ ತಿಳಿಯಲಿಲ್ಲ. ಸರಿಯಿರಬಹುದು ಎಂದು ಒಪ್ಪಿಕೊಂಡೂ ಬೀದಿಯಲ್ಲಿ ನನ್ನ ಮಾನ ಕಳೆದರಲ್ಲ, ಅದನ್ನು ನನ್ನಿಂದ ನುಂಗಲಾಗಲಿಲ್ಲ. ಎಂಟು ತಿಂಗಳು ಫೋನ್ ಮಾಡಲಿಲ್ಲ. ಅವರೂ ಮಾಡಲಿಲ್ಲ. ನಾನು ಮಾತ್ರ ಹಟ ಹಿಡಿದು ಪ್ರತಿ ವಾರ ತುಂಬಿದೆ, ಅವರಿಲ್ಲದೆ ನನಗೇನೂ ಕೊರತೆಯಿಲ್ಲ ಎಂದು ತೋರಿಸಲು.

ಆಮೇಲೆ ಕಾಯಿಲೆ ಬಿದ್ದು ಸ್ಯಾನ್ ಡಿಯಾಗೋದ ಮಗಳ ಮನೆಗೆ ಹೋದರಂತೆ. ಹೋದರಂತೆ ಎಂದು ನನಗೆ ಗೊತ್ತಾದದ್ದು ತೀರಿಕೊಂಡ ದಿನ.

ಮಣ್ಣಿಗೆ ಹೋದೆವು. ಎಲ್ಲ ಮುಗಿದ ಮೇಲೆ ಮಗಳು ನನ್ನ ಬಳಿ ಬಂದು, "ದಿಸ್ ಈಸ್ ಫಾರ್ ಯೂ ಆಂಟಿ, ಅಮ್ಮಿ ಕೆಪ್ಟ್ ಇಟ್," ಎಂದು ಔಷಧಿ ಪುಡಿ ಕಟ್ಟುವ ಹಾಗೆ ಮಡಿಸಿದ ಕಾಗದದ ಪೊಟ್ಟಣ ಕೊಟ್ಟಳು. ಒಳಗೆ ಬಿಡಿಸಿದ ಒಂದು ಕೊಳವೆ, ಒಂದು ಗುಂಡು. ಕಾಗದದ ಒಳಮೈಯಲ್ಲಿ ಅವರ ನೀಟಾದ ಅಕ್ಷರ: "ನಿನ್ನ ಡಬ್ಬಿಯದು. ಪೌಡರ್ ಎರಡು ಸಲ ಬಿದ್ದಿದೆ. ಕೋಪ ಇಳಿದ ಮೇಲೆ ಬಾ, ಎಲ್ಲಿ ತಪ್ಪಿತು ತೋರಿಸ್ತೀನಿ."

ಪಾರ್ಕಿಂಗಿನಲ್ಲಿ ಗಂಡನ ಮುಂದೆ ಹಿಡಿದೆ. ಅವರು ಬಾಯಿಬಿಟ್ಟರು. ಎಂಟು ತಿಂಗಳೂ ಪ್ರತಿ ಶುಕ್ರವಾರ ಆಫೀಸು ಬಿಟ್ಟ ಮೇಲೆ ನನ್ನ ತೋಟಾಗಳನ್ನು ಆಂಟಿಗೆ ಒಯ್ದು ಕೊಡುತ್ತಿದ್ದರು. ಅವರ ಆಫೀಸಿರುವ ಗ್ಲೆಂಡೇಲಿನಿಂದ ನಮ್ಮ ಮನೆಗೆ ಪೋರ್ಟರ್ ರ್ಯಾಂಚ್ ದಾರಿಯೇ ಅಲ್ಲ, ಎದುರು ದಿಕ್ಕು. ಟ್ರಾಫಿಕ್ ಎಂದು ನನಗೆ ಸುಳ್ಳು. ಆಂಟಿ ಕೂತು ಒಂದೊಂದನ್ನೂ ತೂಗಿ, ಅನುಮಾನ ಬಂದದ್ದನ್ನು ಒಡೆದು ನೋಡಿ, ಮಿಕ್ಕದ್ದನ್ನು ಕೊಟ್ಟು ಕಳಿಸುತ್ತಿದ್ದರಂತೆ. ಅವಳಿಗೆ ಹೇಳ್ಬೇಡ, ಇನ್ನೂ ಉರ್ಕೊಳ್ತಾಳೆ, ಅಂದಿದ್ದರಂತೆ.

ಉರಿದುಕೊಂಡೆ. ಇಬ್ಬರೂ ಸೇರಿ ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ ಎಂದು ಅಷ್ಟು ಜನರ ಮುಂದೆ ಕೂಗಾಡಿದೆ. ಎರಡು ಪಟ್ಟು ಪೌಡರ್ ತುಂಬಿದವಳಿಗೆ ತಕ್ಷಣ ಹೇಳಬೇಡವೇ? ಕಾರಿನ ಹಿಂದೆ ಅಡ್ಡ ನಿಲ್ಲುವ ಹೆಂಗಸಿಗೆ ಒಂದು ಫೋನ್ ಮಾಡಲು ಏನು ದಾಡಿಯಾಗಿತ್ತು? ಆ ಸಿಟ್ಟು ಇವತ್ತಿಗೂ ಇದೆ. ಆದರೆ ಅವತ್ತು ನಾನು ಕೂಗಾಡುತ್ತಿದ್ದಷ್ಟು ಹೊತ್ತೂ ನನ್ನ ಗಂಡ ಎರಡೂ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದರು.